ಒಂದೇ ಸಲಕ್ಕೆ ಒತ್ತಬಾರದು

"ನಿಧಾನ, ನಿಧಾನ!" ಎಂದು ಅವನು ಕೂಗುವಷ್ಟರಲ್ಲಿ ಮೆಗ್ನೀಸಿಯಂ ಮಿಶ್ರಲೋಹದ ಪಟ್ಟಿ ಎರಡು ರೋಲರುಗಳ ನಡುವೆ ನುಸುಳಿ ಈಚೆ ಬಂದಿತ್ತು. ಅಂಚು ಬಿರಿದಿರಲಿಲ್ಲ. ಹಾಗಂತ ಅವನಿಗೆ ಸಂತೋಷವೂ ಆಗಲಿಲ್ಲ.

"ಇನ್ನೊಂದ್ಸಲ ಜೋರಾಗಿ ಅದುಮಿಬಿಡೋಣ ಸಾರ್, ಮುಗಿದೇ ಹೋಗತ್ತೆ," ಎಂದ ಆಪರೇಟರ್. "ಕಬ್ಬಿಣ ಕಾದಾಗಲೇ ಬಡೀಬೇಕು."

"ಇದು ಕಬ್ಬಿಣ ಅಲ್ಲಪ್ಪ."

ಹಗುರವಾದ, ಹಟಮಾರಿ ಲೋಹ. ತಣ್ಣಗಿದ್ದಾಗ ಒತ್ತಿದರೆ ಬಾಗುವುದಿಲ್ಲ, ಸೀಳುತ್ತದೆ. ಕಾಯಿಸಬೇಕು, ಸ್ವಲ್ಪವೇ ಅದುಮಬೇಕು, ಮತ್ತೆ ಕುಲುಮೆಗೆ ಹಾಕಬೇಕು. ಕೊನೆಗೆ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಬಿಡಬೇಕು. ಬಲ ಬರುವುದು ಆಗ. ಹದ ಮೀರಿದರೆ ಬಂದ ಬಲವೂ ಹೋಗುತ್ತದೆ. ಇಷ್ಟನ್ನು ತಿಳಿದುಕೊಂಡಿದ್ದಕ್ಕೆ ಅವನಿಗೆ ಡಾಕ್ಟರೇಟ್ ಸಿಕ್ಕಿತ್ತು. ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು 'ತಾಳ್ಮೆ ಸಾರ್' ಎನ್ನುತ್ತಿದ್ದರು. ಅದು ಹೊಗಳಿಕೆಯೋ ಲೇವಡಿಯೋ ಎಂದು ಅವನು ಕೇಳಲು ಹೋಗಿರಲಿಲ್ಲ.

ಬೆಳಿಗ್ಗೆ ಹೆಂಡತಿ ದೋಸೆಕಲ್ಲಿನಷ್ಟೇ ನಿರ್ಲಿಪ್ತ ಮುಖದಲ್ಲಿ ಹೇಳಿದ್ದಳು: "ಸಂಜೆ ನಾನೂ ಪುಟ್ಟೀನೂ ಅಕ್ಕನ ಮನೆಗೆ ಹೊರಡ್ತೀವಿ. ಅಲ್ಲೇ ಸ್ಕೂಲಿಗೆ ಸೇರಿಸ್ತೀನಿ. ಬೇಡ ಅನ್ನೋದಿದ್ರೆ ಅಷ್ಟರೊಳಗೆ ಬಂದು ಹೇಳಿ."

"ನೋಡೋಣ," ಎಂದಿದ್ದ ಅವನು.

ಮಾತು ಬಲ್ಲವನಿಗೆ ಜಗಳವಿಲ್ಲವಂತೆ. ಅವರಿಬ್ಬರ ನಡುವೆ ಜಗಳವೇ ಇರಲಿಲ್ಲ, ಮಾತೂ ಇರಲಿಲ್ಲ. ಹೋಗಬೇಡ ಎನ್ನಬೇಕಿತ್ತು, ಅಷ್ಟೇ. ಅವರಿಲ್ಲದ ಮನೆಯನ್ನು ನೆನೆದು ಅವನಿಗೆ ಹೆದರಿಕೆಯಾಯಿತು.

"ಈ ಪಟ್ಟೀನ ಓವನ್ನಿಗೆ ನೀನೇ ಇಟ್ಬಿಡಪ್ಪ. ನಾನು ಮನೆಗೆ ಹೊರಟೆ."

"ಏನ್ ಸಾರ್, ಇವತ್ತು ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ನಾ?"

ದಾರಿಯುದ್ದಕ್ಕೂ ಅವನು ಯೋಚಿಸಿದ. ಒಂದೇ ಸಲಕ್ಕೆ ಒತ್ತಬಾರದು. ಇಷ್ಟು ತಣ್ಣಗಾಗಿರುವವಳ ಎದುರು ನಿಂತು ಧುತ್ತನೆ 'ಹೋಗಬೇಡ' ಎಂದರೆ ಉಳಿದದ್ದೂ ಸೀಳಿಹೋದೀತು. ಸಣ್ಣಪುಟ್ಟ ಮಾತಿನಿಂದ ಶುರು ಮಾಡಬೇಕು.

ಹೆಂಡತಿ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದವಳು ಅವನನ್ನು ಕಂಡು ಎದ್ದು ನಿಂತಳು.

"ಟಿಕೆಟ್ ಇಟ್ಕೊಂಡ್ಯಾ?" ಎಂದ.

ಅವಳು ಅವನ ಮುಖವನ್ನೇ ನೋಡಿದಳು. "ಇಟ್ಕೊಂಡೆ."

"ಪುಟ್ಟಿ ಸ್ವೆಟರು?"

"ಇದೆ."

"ಅಲ್ಲಿ ಭಾವ ಕರ್ಕೊಂಡು ಹೋಗೋಕೆ ಬರ್ತಾರಾ?"

"ಬರ್ತಾರೆ." ಅವಳ ದನಿ ನಡುಗಿತು. "ಇನ್ನೇನಾದ್ರೂ ಹೇಳೋದಿದ್ಯಾ?"

ಅವಳ ಕಣ್ಣು ತುಂಬಿದ್ದು ಅವನಿಗೆ ಕಾಣಿಸಿತು. ಬಿಸಿ ಏರುತ್ತಿದೆ, ಇನ್ನೊಂದೇ ಒಂದು ಸಣ್ಣ ಮಾತು ಸಾಕು ಎಂದುಕೊಂಡ.

"ನೀರಿನ ಬಾಟ್ಲಿ?"

ಅವಳು ಮುಖ ಒರೆಸಿಕೊಂಡಳು. "ಪುಟ್ಟೀ, ಚಪ್ಪಲಿ ಹಾಕ್ಕೋ. ಗಾಡಿ ಬಂದಿದೆ."

ಭಾರದ ಬ್ಯಾಗನ್ನು ಅವನೇ ಹೊತ್ತು ಮೆಟ್ಟಿಲಿಳಿದ. ಅವಳು ಭಾರ ಎತ್ತುವುದನ್ನು ಅವನು ಎಂದೂ ನೋಡಿಕೊಂಡು ಸುಮ್ಮನಿದ್ದವನಲ್ಲ.

ಟ್ಯಾಕ್ಸಿ ಕೆಮ್ಮಿತು, ಹೊರಡಲಿಲ್ಲ. ಡ್ರೈವರ್ ತಲೆ ಹೊರಗೆ ಹಾಕಿದ. "ಬ್ಯಾಟರಿ ಕೈ ಕೊಡ್ತು ಸಾರ್. ಬೇರೆ ಗಾಡಿ ಈಗ ಸಿಗಲ್ಲ. ಒಂಚೂರು ತಳ್ತೀರಾ?"

ಅವನು ಎರಡೂ ಅಂಗೈಗಳನ್ನು ಗಾಡಿಯ ಹಿಂಬದಿಗೆ ಆನಿಸಿ ತಳ್ಳಿದ. ಗಾಡಿ ಅಲುಗಲಿಲ್ಲ. ಹಿಂದಿನ ಗಾಜಿಗೆ ಮೂಗು ಒತ್ತಿ ಮಗಳು ನಗುತ್ತಿದ್ದಳು.

"ಇನ್ನೂ ಜೋರಾಗಿ ಅಪ್ಪಾ!"

ಸುಮ್ಮನೆ ಕೈ ತೆಗೆದುಬಿಟ್ಟರೆ ಸಾಕಿತ್ತು. ಅದು ಅವನಿಗೆ ಹೊಳೆಯಿತು ಕೂಡ. ಆದರೆ ಮಗಳು ನೋಡುತ್ತಿದ್ದಳು, ಡ್ರೈವರ್ ಕಾಯುತ್ತಿದ್ದ. ಅವನು ಹಲ್ಲು ಕಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ತಳ್ಳಿದ. ಎಂಜಿನ್ ಸ್ಟಾರ್ಟ್ ಆಯಿತು. ಗಾಡಿ ಅವನ ಅಂಗೈಗಳನ್ನು ಬಿಟ್ಟು ಮುಂದಕ್ಕೆ ಹಾರಿತು.

ಅದು ತಿರುವಿನಲ್ಲಿ ಮರೆಯಾದ ಮೇಲೂ ಅವನು ಬೆನ್ನು ಬಗ್ಗಿಸಿ, ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು, ನಡುರಸ್ತೆಯಲ್ಲಿ ಹಾಗೆಯೇ ನಿಂತಿದ್ದ.