ಅಲಾರಂ ಗಡಿಯಾರಗಳನ್ನು ತರಬಾರದು

ನಮ್ಮ ಅಮ್ಮನ ಕಡೆಯವರು ಮೆಲುದನಿಯವರು. ಅವರ ಮನೆಗೆ ಬೀದಿಯವರು ಇಟ್ಟ ಹೆಸರೇ ‘ಪಿಸುಪಿಸು ಮನೆ’. ಅಲ್ಲಿ ಬಾಗಿಲು ದಡಾರನೆ ಹಾಕುವಂತಿಲ್ಲ, ಪಾತ್ರೆ ಎತ್ತಿ ಕುಕ್ಕುವಂತಿಲ್ಲ, ಮಲಗಿದವರನ್ನು ಕೂಗಿ ಎಬ್ಬಿಸುವುದಂತೂ ಕೊಲೆಗೆ ಸಮ. ಅಮ್ಮ ನನ್ನನ್ನು ಎಬ್ಬಿಸುತ್ತಿದ್ದದ್ದು ಹೀಗೆ: ಮಂಚದ ತುದಿಗೆ ಕೂತು, ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ನಾನಾಗಿ ಕಣ್ಣು ಬಿಡುವವರೆಗೆ ಸವರುತ್ತಿದ್ದಳು. ಇದರಿಂದ ಶಾಲೆಗೆ ತಡವಾಗಿ ನಾನು ತಿಂದ ಬೈಗುಳ ಅಷ್ಟಿಷ್ಟಲ್ಲ. ನನ್ನ ಗಂಟಲು ಅಪ್ಪನ ಕಡೆಯದು. ನಾನು ಗುಟ್ಟು ಹೇಳಿದರೂ ಮೂರನೇ ಮನೆಯವರು ಉತ್ತರ ಕೊಡುತ್ತಾರೆ. ಮೊಮ್ಮಗಳನ್ನೂ ಹಾಗೇ ಎಬ್ಬಿಸುತ್ತಿದ್ದ ಅಮ್ಮ ತೀರಿಕೊಂಡ ಮೇಲೆ ಆ ಪಾದ ಸವರುವ ನಾಜೂಕೆಲ್ಲ ನಿಂತುಹೋಯಿತು. ಮಗಳನ್ನು ನಾನು ಕೂಗಿಯೇ ಎಬ್ಬಿಸುತ್ತಿದ್ದೆ.

ಇರುವುದು ಒಬ್ಬಳೇ ಮಗಳು. ಅವಳಪ್ಪ ಹಡಗಿನ ಕೆಲಸದವನು. ವರ್ಷದ ಬಹುಪಾಲು ನೀರಿನ ಮೇಲೆಯೇ ಇರುತ್ತಾನೆ. ಈ ವರ್ಷ ಅವಳು ಎರಡು ಸಲ ಪ್ರಜ್ಞೆ ತಪ್ಪಿ ಬಿದ್ದಳು. ಮೊದಲ ಸಲ, ಮಧ್ಯಾಹ್ನ ಮಲಗಿದ್ದವಳು ಕರೆಗಂಟೆಯ ಸದ್ದಿಗೆ ದಡಬಡಿಸಿ ಎದ್ದು ಹೊಸ್ತಿಲ ಮೇಲೆಯೇ ಬಿದ್ದಳು. ಎರಡನೇ ಸಲ, ಬೆಳಗಿನ ಜಾವ ಅವಳಪ್ಪನ ಫೋನು ಬಂದಾಗ ಮಂಚದಿಂದ ಇಳಿಯುತ್ತಾ ಬಿದ್ದಳು. ನೆಟ್ಟಗೆ ಉಣ್ಣದವರಿಗೆ ಹೀಗೇ ಆಗುವುದೆಂದು ಎರಡು ಸಲವೂ ನಾನು ಬೈದೆ. ಡಾಕ್ಟರ ಮುಂದೆಯೂ ಅದನ್ನೇ ಒದರಿದೆ.

ಡಾಕ್ಟರು ನನ್ನಷ್ಟೇ ವಯಸ್ಸಿನ ಹೆಂಗಸು. ನನ್ನ ಮಾತಿಗೆ ಕಿವಿಗೊಡದೆ ಇಸಿಜಿ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಈ ಗೆರೆ ಯಾಕೋ ನನಗೆ ಸರಿ ಕಾಣ್ತಿಲ್ಲ. ನಿಮ್ಮ ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲೇ ಇದ್ದಕ್ಕಿದ್ದಂಗೆ ತೀರಿಕೊಂಡಿದ್ದಾರಾ?”

“ಯಾರೂ ಇಲ್ಲ.”

“ಸರಿಯಾಗಿ ವಿಚಾರಿಸಿ. ಇದ್ದರೆ ಅದಕ್ಕೆ ಬೇರೆ ಔಷಧಿ ಇದೆ. ನಾಡಿದ್ದು ಬರುವಾಗ ತಿಳ್ಕೊಂಡೇ ಬನ್ನಿ.”

ಅಮ್ಮನ ಕಡೆಯವರಲ್ಲಿ ಉಳಿದಿರುವುದು ದೊಡ್ಡಮ್ಮ ಒಬ್ಬರೇ, ಅಮ್ಮನ ಅಕ್ಕ. ಫೋನು ಮಾಡಿದೆ.

“ಕಾಯಿಲೆ ಕಸಾಲೆ ಎಲ್ಲ ನಮ್ಮಲ್ಲಿ ಯಾರಿಗೂ ಇಲ್ಲ ಕಣೆ,” ಎಂದು ಎಂದಿನಂತೆ ಪಿಸುಗುಟ್ಟಿದರು. “ನಮ್ಮಮ್ಮನ ಅಣ್ಣ, ಇಬ್ಬರು ಅಕ್ಕಂದಿರು, ಮೂರೂ ಜನ ನಿದ್ದೇಲೇ ಹೋದ್ರಂತೆ. ಪುಣ್ಯವಂತರು. ಅಂಥಾ ಸಾವು ಯಾರಿಗೆ ಸಿಗತ್ತೆ ಹೇಳು?”

“ಎಷ್ಟು ವಯಸ್ಸಾಗಿತ್ತು?”

“ನಾನಿನ್ನೂ ಹುಟ್ಟೇ ಇರ್ಲಿಲ್ಲ. ದೊಡ್ಡೋರ ವಯಸ್ಸು ಕೇಳ್ತಾರೇನೆ ಯಾರಾದ್ರೂ?”

ಚಿಕ್ಕವಳಿದ್ದಾಗಿನಿಂದ ಕೇಳಿದ ಮಾತೇ ಇದು. ನಿದ್ದೆಯಲ್ಲಿ ಹೋದವರು ಎಂದರೆ ನನ್ನ ಕಣ್ಣಿಗೆ ಕಟ್ಟುತ್ತಿದ್ದದ್ದು ತಲೆ ಹಣ್ಣಾದ ಮೂವರು ಮುದುಕರು. ಆದರೂ ಡಾಕ್ಟರು ಹೇಳಿದ ಮೇಲೆ ಕಾಗದದಲ್ಲೇ ನೋಡಿಬಿಡೋಣ ಎನಿಸಿತು. ಮರುದಿನ ಬೆಳಿಗ್ಗೆ ಹಳೆಯ ದಾಖಲೆಗಳ ಕಚೇರಿಗೆ ಹೊರಟೆ.

ಹೊರಡುವಾಗ ಮಗಳು ರಾತ್ರಿಯೆಲ್ಲ ಓದಿ ಕಣ್ಣು ಕೆಂಪಗೆ ಮಾಡಿಕೊಂಡು ಹಾಸಿಗೆ ಬಿಡಿಸುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಿತ್ತು. ಫೋನಿನಲ್ಲಿ ಕೊಳಲಿನ ರಾಗದ ಅಲಾರಂ ಇಟ್ಟುಕೊಂಡು, ಅದಕ್ಕೆ ಏಳದೆ, ಇನ್ನಷ್ಟು ಸುಖವಾಗಿ ಮಲಗುವ ಹುಡುಗಿ. ಅದಕ್ಕೇ ಹಿಂದಿನ ದಿನ ಮುತ್ತಜ್ಜನ ಗಡಿಯಾರವನ್ನು ರಿಪೇರಿ ಮಾಡಿಸಿ ತಂದಿದ್ದೆ. ಅಮ್ಮನ ಕಡೆಯ ನನ್ನ ಅಜ್ಜಿಯ ಅಪ್ಪ, ಅಂದರೆ ಈ ಮುತ್ತಜ್ಜ, ಗಡಿಯಾರ ರಿಪೇರಿಯವನು. ಅವನ ಕೈಯದ್ದು ಎಂದು ನಮ್ಮಲ್ಲಿ ಉಳಿದದ್ದು ಇದೊಂದೇ. ಹಿತ್ತಾಳೆಯ ಮೇಜಿನ ಗಡಿಯಾರ, ನೆತ್ತಿಯ ಮೇಲೆ ಬಟ್ಟಲಿನಂಥ ಎರಡು ಗಂಟೆ. ಕಾಲ ತಪ್ಪದೆ ನಡೆಯುತ್ತಿತ್ತು, ಒಂದು ದಿನವೂ ಬಾರಿಸಿದ್ದಿಲ್ಲ. ರಿಪೇರಿಯವನು ಬಿಚ್ಚಿ ನೋಡಿ ತಲೆ ಕೆರೆದುಕೊಂಡಿದ್ದ.

“ಇದು ಕೆಟ್ಟಿಲ್ಲಮ್ಮ. ಗಂಟೆ ಬಡಿಯೋ ಸುತ್ತಿಗೇನ ಯಾರೋ ಬೇಕಂತಲೇ ತೆಗ್ದಿದ್ದಾರೆ. ತೆಗೆದು ಸ್ಕ್ರೂನೆಲ್ಲ ನೀಟಾಗಿ ವಾಪಸ್ ಕೂರಿಸಿದ್ದಾರೆ.”

“ಹೊಸದು ಹಾಕಿ. ಕಿವಿ ಕಿತ್ತು ಬರೋ ಹಾಗೆ ಬಡೀಬೇಕು,” ಎಂದಿದ್ದೆ ನಾನು.

ಮಗಳು ಅದನ್ನು ದಿಂಬಿನ ಪಕ್ಕದ ಸ್ಟೂಲಿನ ಮೇಲಿಟ್ಟು ಕೀಲಿ ತಿರುಗಿಸಿದಳು. “ಸಂಜೆ ಐದಕ್ಕೆ ಇಟ್ಟಿದ್ದೀನಮ್ಮ. ನಿನ್ನ ಮುತ್ತಜ್ಜನ ಗಂಟಲು ಹೇಗಿದೆ ನೋಡೇಬಿಡೋಣ,” ಎಂದು ನಕ್ಕು ಮುಸುಕೆಳೆದುಕೊಂಡಳು.

ದಾಖಲೆಗಳ ಕಚೇರಿಯಲ್ಲಿ ಉದ್ದನೆಯ ಮೇಜು, ಕಾಲು ಅಲ್ಲಾಡುವ ಕುರ್ಚಿಗಳು, ಅಂಟು ಮತ್ತು ಹಳೆಯ ಕಾಗದದ ವಾಸನೆ. ಮೂಲೆಯಲ್ಲಿ ಗುಮಾಸ್ತೆಯೊಬ್ಬಳು ಯಾವುದೋ ಹಗೆ ತೀರಿಸಿಕೊಳ್ಳುವವಳಂತೆ ಕಾಗದಗಳ ಮೇಲೆ ಮೊಹರು ಗುದ್ದುತ್ತಿದ್ದಳು. ಮುತ್ತಜ್ಜನ ಹೆಸರು ಹೇಳಿದ್ದಕ್ಕೆ ಮೊದಲು ಜನಗಣತಿಯ ಹಾಳೆಗಳನ್ನು ತಂದು ಮುಂದಿಟ್ಟಳು.

ಒಂದು ಗಣತಿಯಲ್ಲಿ ಮನೆ ತುಂಬ ಜನ: ಗಡಿಯಾರ ರಿಪೇರಿಯವನು, ಹೆಂಡತಿ, ಒಬ್ಬ ಮಗ, ಮೂವರು ಹೆಣ್ಣುಮಕ್ಕಳು. ಕೊನೆಯವಳು ನನ್ನ ಅಜ್ಜಿ, ಇನ್ನೂ ತೊಟ್ಟಿಲ ಕೂಸು. ಮುಂದಿನ ಗಣತಿಯಲ್ಲಿ ಗಂಡ, ಹೆಂಡತಿ, ನನ್ನ ಅಜ್ಜಿ. ಅಷ್ಟೇ. ಉಳಿದವರಿಗೆ ಮದುವೆಯಾಗಿರಬೇಕು, ಮಗ ಬೇರೆ ಮನೆ ಮಾಡಿರಬೇಕು ಎಂದುಕೊಂಡೆ.

ಆದರೂ ಮರಣ ನೋಂದಣಿ ತರಿಸಿದೆ. ಮಗ, ಹತ್ತೊಂಬತ್ತು ವರ್ಷ. ಹಿರಿಯ ಮಗಳು, ಹದಿನೈದು. ಎರಡನೆಯವಳು, ಹದಿನೇಳು. ಮೊದಲಿಬ್ಬರ ಮುಂದೆ ‘ಹಠಾತ್ತನೆ, ನಿದ್ರೆಯಲ್ಲಿ’ ಎಂದಿತ್ತು. ಎಲ್ಲಿಯ ತಲೆ ಹಣ್ಣಾದ ಮುದುಕರು! ಮೀಸೆ ನೆಟ್ಟಗೆ ಬರದ ಹುಡುಗ, ಶಾಲೆಗೆ ಹೋಗುವ ಹುಡುಗಿಯರು. ಕೊನೆಗೆ ಸತ್ತ ಆ ಎರಡನೇ ಮಗಳ ಮುಂದೆ ಬರೆದವನಿಗೆ ಏನು ಬರೆಯಬೇಕೆಂದು ತೋಚದೆ, ಅಪ್ಪ ಹೇಳಿದ್ದನ್ನೇ ಇಳಿಸಿಬಿಟ್ಟಿದ್ದ: ‘ಗಂಟೆ ಬಾರಿಸಿತು. ಎದ್ದು ಕುಳಿತಳು. ಹಾಗೇ ಒರಗಿದಳು.’

ಯಾವ ಗಂಟೆ? ಅವರಿದ್ದದ್ದು ಗಿರಣಿಯ ಹಿಂದಿನ ಬೀದಿ. ಗಿರಣಿಯ ಗಂಟೆಯೇ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

“ಅಂಗಡಿ ಇಟ್ಟಿದ್ರು ಅಂತೀರಲ್ಲ, ವ್ಯಾಪಾರಿಗಳ ಡೈರೆಕ್ಟರಿ ನೋಡ್ತೀರಾ?” ಎಂದು ಗುಮಾಸ್ತೆ ಎರಡು ದಪ್ಪ ಸಂಪುಟಗಳನ್ನು ಮೇಜಿನ ಮೇಲೆ ಧೊಪ್ಪನೆ ಹಾಕಿದಳು. ನಾನು ಕುರ್ಚಿಯಿಂದ ಒಂದು ಗೇಣು ಹಾರಿದೆ.

ಮೊದಲನೆಯದರಲ್ಲಿ ಗಿರಣಿ ಬೀದಿಯ ವಿಳಾಸ, ಸುತ್ತಲೂ ಬಳ್ಳಿಯ ಚೌಕಟ್ಟಿನ ಜಾಹೀರಾತು. ‘ಅಲಾರಂ ಗಡಿಯಾರಗಳಲ್ಲಿ ಪರಿಣತರು. ನಮ್ಮ ಗಂಟೆಗೆ ಏಳದವರಿಲ್ಲ.’ ಎರಡನೆಯದು ಮಕ್ಕಳು ಸತ್ತ ನಂತರದ ವರ್ಷದ್ದು. ಅಂಗಡಿ ಸ್ಮಶಾನದ ಹಿಂಬದಿಗೆ ಹೋಗಿತ್ತು. ಅದು ನಮ್ಮ ಮನೆಯ ಹಳೇ ತಮಾಷೆ. ಗಿರಾಕಿಗಳಿಗೆ ಹೊತ್ತಿನ ಹಂಗೇ ಇಲ್ಲದ ಕಡೆ ಗಡಿಯಾರದಂಗಡಿ ಇಟ್ಟ ಮಹಾನುಭಾವ ಎಂದು ನಾವೆಲ್ಲ ನಗುತ್ತಿದ್ದೆವು. ಊರಿನಲ್ಲಿ ಅಷ್ಟು ಸದ್ದಿಲ್ಲದ ಜಾಗ ಬೇರೊಂದು ಇದ್ದಿರಲಾರದು ಎಂದು ಆಗ ನನಗೆ ಹೊಳೆಯಿತು. ಈ ಜಾಹೀರಾತಿಗೆ ಚೌಕಟ್ಟು, ಬಳ್ಳಿ ಏನೂ ಇರಲಿಲ್ಲ. ಎರಡೇ ಸಾಲು: ‘ಎಲ್ಲ ಬಗೆಯ ಗಡಿಯಾರ ರಿಪೇರಿ ಮಾಡಲಾಗುವುದು. ಅಲಾರಂ ಗಡಿಯಾರಗಳನ್ನು ತರಬಾರದು.’

ಬಿಚ್ಚಿಟ್ಟ ಸುತ್ತಿಗೆ. ನೀಟಾಗಿ ವಾಪಸ್ ಕೂರಿಸಿದ ಸ್ಕ್ರೂ. ಅಜ್ಜಿಯಿಂದ ಅಮ್ಮನಿಗೆ ಬಂದ, ಪಾದ ಸವರುವ ಕೈ. ಕರೆಗಂಟೆಗೆ ಬಿದ್ದ ನನ್ನ ಮಗಳು, ಫೋನಿಗೆ ಬಿದ್ದ ನನ್ನ ಮಗಳು. ಗೋಡೆಯ ಗಡಿಯಾರದಲ್ಲಿ ನಾಲ್ಕು ದಾಟಿತ್ತು.

ಕೈ ತನ್ನಷ್ಟಕ್ಕೆ ಫೋನು ತೆಗೆದು ಅವಳ ಹೆಸರು ಹುಡುಕಿತು. ಒತ್ತಬೇಕು ಎನ್ನುವಷ್ಟರಲ್ಲಿ ಬೆರಳನ್ನು ಹಿಂದಕ್ಕೆ ಕಿತ್ತುಕೊಂಡೆ. ಅವಳ ಫೋನು ದಿಂಬಿನ ಕೆಳಗಿರುತ್ತದೆ. ನಾನೇ ಬಾರಿಸಿ ನಾನೇ ಕೊಂದುಬಿಡುತ್ತಿದ್ದೆ. ಕೆಳಗಿನ ಮನೆಯ ಬ್ಯಾಂಡ್ ಮಾಸ್ಟರಿಗೆ ಹೇಳೋಣವೆಂದರೆ, ಆತ ಆಯುಷ್ಯವೆಲ್ಲ ತುತ್ತೂರಿ ಊದಿದವನು, ಬಾಗಿಲಿಗೆ ಬಂದು ಕರೆಗಂಟೆ ಒತ್ತಿ “ಮಗೂ!” ಎಂದು ಒಂದು ಸಲ ಗುಡುಗಿದರೆ ಸಾಕು. ಯಾರಿಗೂ ಹೇಳುವಂತಿರಲಿಲ್ಲ. ಲೋಕದ ತುಂಬ ಬರೀ ಗಂಟೆಗಳೇ ತುಂಬಿದ್ದವು.

ಚೀಲವನ್ನು ಮೇಜಿನ ಮೇಲೆಯೇ ಬಿಟ್ಟು ಓಡಿದೆ. ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತಿತು. ಮುದುಕಿಯೊಬ್ಬಳು ಇಳಿಯಲು ಹೊತ್ತು ಮಾಡಿದಳೆಂದು ಅವಳನ್ನು ತಳ್ಳಿಬಿಡಬೇಕೆನಿಸಿತು, ನಿಜವಾಗಿಯೂ ಎನಿಸಿತು. ಚಾಲಕ ಹಾರನ್ ಬಾರಿಸಿದಾಗಲೆಲ್ಲ ಅದು ನನ್ನ ಮನೆಯೊಳಗೇ ಕೇಳಿಸುತ್ತಿದೆ ಎಂದು ಹೆದರಿದೆ. ಅಂಥ ಭಯ ನನಗೆ ಹಿಂದೆಂದೂ ಆಗಿರಲಿಲ್ಲ.

ಮೆಟ್ಟಿಲ ಬಳಿ ಬ್ಯಾಂಡ್ ಮಾಸ್ಟರ್ ನಿಂತಿದ್ದ. “ಏನಮ್ಮಾ, ಇವತ್ತು ಇಷ್ಟು ಬೇ—” ಎಂದು ಶುರು ಮಾಡುವಷ್ಟರಲ್ಲಿ ಅವನ ಬಾಯಿಗೇ ನನ್ನ ಅಂಗೈ ಒತ್ತಿದೆ. ಪರ ಗಂಡಸಿನ ಬಾಯಿ! ಅವನು ಕಣ್ಣು ಕಣ್ಣು ಬಿಟ್ಟ. ಚಪ್ಪಲಿ ಅಲ್ಲೇ ಕಳಚಿ ಬರಿಗಾಲಲ್ಲಿ ಹತ್ತಿದೆ.

ಬೀಗದ ಕೈ ತಿರುಗಿಸಿದ ಸದ್ದೂ ಜೋರಾಯಿತೇನೋ ಎನಿಸಿತು. ಒಳಗೆ ಟಿಕ್ ಟಿಕ್. ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಗಡಿಯಾರದ ಮುಳ್ಳು ಐದರ ನೆತ್ತಿಯ ಮೇಲೆ ಬಂದು ಕೂರುವುದರಲ್ಲಿತ್ತು. ಹಿಂದುಗಡೆಯ ಕಡ್ಡಿ ಒತ್ತಿದರೆ ನಿಲ್ಲುತ್ತದೆಯೋ ಎಳೆದರೆ ನಿಲ್ಲುತ್ತದೆಯೋ ನೆನಪಾಗಲಿಲ್ಲ. ರಿಪೇರಿಯವನು ಹೇಳುವಾಗ ನಾನು ಎಲ್ಲಿ ಕೇಳಿಸಿಕೊಂಡಿದ್ದೆ! ಎರಡೂ ಗಂಟೆಗಳನ್ನು ಮುಷ್ಟಿಯಲ್ಲಿ ಅದುಮಿಕೊಂಡು ಅಡುಗೆಮನೆಗೆ ಹೋದೆ. ಹಿಟ್ಟಿನ ಡಬ್ಬಿ ತೆರೆದು, ಮೊಣಕೈವರೆಗೆ ಕೈ ಇಳಿಸಿ ಅದನ್ನು ಹೂತೆ. ಮುಚ್ಚಳ ಒತ್ತಿ, ಮೇಲೆ ಕೈಗೆ ಸಿಕ್ಕಿದ ಬಟ್ಟೆ ಹೊದಿಸಿ, ಡಬ್ಬಿಯ ಮೇಲೆಯೇ ಕೂತುಬಿಟ್ಟೆ.

ಅದು ಬಾರಿಸಿತು. ಸದ್ದು ಬಹಳ ಬರಲಿಲ್ಲ, ಆದರೆ ಆ ಗುರ್ ಎನ್ನುವ ನಡುಕ ನನ್ನ ಬೆನ್ನುಮೂಳೆ ಹತ್ತಿ ಹಲ್ಲಿನವರೆಗೆ ಬಂತು. ಕೀಲಿ ಪೂರ್ತಿ ಬಿಚ್ಚುವವರೆಗೂ ಬಾರಿಸಿತು. ನಾನು ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದೆ.

ಎದ್ದು ಕೋಣೆಗೆ ಹೋದೆ. ಅವಳು ಅಲುಗಿರಲಿಲ್ಲ. ಮಲಗಿದ ಭಂಗಿಯೂ ಬದಲಾಗಿರಲಿಲ್ಲ. ಉಸಿರಾಡುತ್ತಿದ್ದಾಳೋ ಇಲ್ಲವೋ ಹೊದಿಕೆಯ ಮೇಲಿಂದ ಗೊತ್ತಾಗಲಿಲ್ಲ. ಕೂಗಬೇಕು ಎನಿಸಿತು, ಕೂಗುವಂತಿಲ್ಲ. ಮಂಚದ ತುದಿಗೆ ಕೂತು, ಹಿಟ್ಟು ಮೆತ್ತಿದ ಕೈಗಳಿಂದ ಅವಳ ಪಾದ ಹಿಡಿದೆ. ತಣ್ಣಗಿತ್ತು. ಅಮ್ಮ ಮಾಡುತ್ತಿದ್ದ ಹಾಗೆ ಹಿಮ್ಮಡಿಯಿಂದ ಬೆರಳಿನವರೆಗೆ ಸವರಿದೆ. ಮತ್ತೆ ಸವರಿದೆ. ಅಮ್ಮ ದಿನಾ ಬೆಳಿಗ್ಗೆ ಹೀಗೆ ಕಾಯುತ್ತಿದ್ದಳೇ? ಇದೇ ಭಯ ಹೊಟ್ಟೆಯಲ್ಲಿಟ್ಟುಕೊಂಡು?

ಬಹಳ ಹೊತ್ತಿನ ಮೇಲೆ ಹೆಬ್ಬೆರಳು ಮಡಚಿಕೊಂಡಿತು.

“ಅಮ್ಮಾ…? ಅಜ್ಜಿ ಥರ ಯಾಕೆ ಕಾಲು ಹಿಡ್ಕೊಂಡಿದ್ದೀಯ? ಐದಾಯ್ತಾ? ಅದು ಬಡೀಲೇ ಇಲ್ವಲ್ಲ.”

“ಬಡೀತು. ಹಿಟ್ಟಿನ ಡಬ್ಬೀಲಿ.”

ಅವಳು ಹೊರಳಿ ನನ್ನ ಕೈ ನೋಡಿದಳು, ಆಮೇಲೆ ಮುಖ ನೋಡಿದಳು. ಏನಾದರೊಂದು ಸುಳ್ಳು ಹೇಳಿ ತೇಲಿಸಿಬಿಡಬಹುದಿತ್ತು. ನಮ್ಮ ಮನೆಯವರು ಅದನ್ನೇ ಮಾಡಿಕೊಂಡು ಬಂದದ್ದು. ದನಿ ಇಳಿಸಿದರು, ಬಾಗಿಲು ಮೆಲ್ಲಗೆ ಹಾಕಿದರು, ಯಾಕೆಂದು ಮಾತ್ರ ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೇ ನಾನು ಆ ಸುತ್ತಿಗೆಯನ್ನು ಮತ್ತೆ ಹಾಕಿಸಿ ತಂದೆ. ಸಿಟ್ಟು ಬಂತು, ಅಮ್ಮನ ಮೇಲೂ ಬಂತು. ಅದಕ್ಕೇ ಹೇಳಿದೆ, ನನ್ನ ಗಂಟಲಿಗೆ ಸಾಧ್ಯವಾದಷ್ಟು ಮೆಲ್ಲಗೆ, ಒಂದನ್ನೂ ಬಿಡದೆ ಹೇಳಿದೆ.

“ಕೊನೆಯವರಿಗೆ ಎಷ್ಟು ವಯಸ್ಸಾಗಿತ್ತು ಅಂದೆ?”

“ಹದಿನೇಳು.”

ಅವಳಿಗೆ ಹದಿನೇಳು ತುಂಬಿ ಇನ್ನೂ ತಿಂಗಳಾಗಿರಲಿಲ್ಲ.

“ಔಷಧಿ ಇದೆ ಅಂದಿದ್ದಾರೆ ಡಾಕ್ಟರು. ನಾಳೆವರೆಗೆ ಕಾಯೋದೇನೂ ಬೇಡ, ಈಗ್ಲೇ ಹೋಗೋಣ.”

“ಸರಿ. ಆದ್ರೆ ನಾಳೆ ಬೆಳಿಗ್ಗೆ ನನ್ನನ್ನ ಯಾರು ಎಬ್ಬಿಸ್ತಾರೆ?”

“ನಾನೇ.”

“ನಿನ್ನ ಗಂಟಲಲ್ಲಾ?”

“ಇಲ್ಲ ಕಣೆ, ಕೈಯಲ್ಲಿ.”

ನಗಲು ನೋಡಿದಳು, ಆಗಲಿಲ್ಲ. ಹೊದಿಕೆಯೊಳಗಿಂದ ಇನ್ನೊಂದು ಕಾಲನ್ನೂ ತಂದು ನನ್ನ ಮಡಿಲಲ್ಲಿಟ್ಟಳು. ಅದೂ ತಣ್ಣಗಿತ್ತು.