ಮಣ್ಣಿನ ಸಾಹೇಬರ ಹೊಟ್ಟೆ

ರಾಣೆಬೆನ್ನೂರಿನ ಮಣ್ಣು ಪರೀಕ್ಷಾ ಕೇಂದ್ರವೊಂದರಲ್ಲಿದ್ದ ವಿಜಯಮಹಾಂತೇಶ ಒಂಬತ್ತು ವರ್ಷಗಳಿಂದ ಊರೂರು ತಿರುಗಿ ರೈತರಿಗೆ ಒಂದೇ ಮಾತು ಹೇಳುತ್ತ ಬಂದಿದ್ದ: ಮಣ್ಣು ಜೀವಂತವಾದದ್ದು, ಹಿಡಿ ಮಣ್ಣಿನಲ್ಲಿ ಇಡೀ ತಾಲ್ಲೂಕಿನ ಜನಕ್ಕಿಂತ ಹೆಚ್ಚು ಜೀವಿಗಳಿವೆ, ಕಂಡಕಂಡ ಔಷಧ ಸುರಿದು ಅವನ್ನು ಕೊಲ್ಲಬೇಡಿ. ಕೇಳಿದವರು ತಲೆದೂಗುವಂತೆ ಹೇಳುತ್ತಿದ್ದ. ಅವನ ಹೊಟ್ಟೆಯೊಂದಕ್ಕೆ ಮಾತ್ರ ಆ ಉಪದೇಶ ಮುಟ್ಟಿರಲಿಲ್ಲ.

ಮೂರು ವರ್ಷಗಳಿಂದ ಅದು ಒಂದು ದಿನ ಕಟ್ಟಿಕೊಂಡರೆ ಮರುದಿನ ಸಡಿಲ. ಉಬ್ಬರಕ್ಕೊಂದು ಗುಳಿಗೆ, ಉರಿಗೊಂದು. ಎರಡು ಸೀನು ಬಂದರೆ ಸಾಕು, ಯಾರನ್ನೂ ಕೇಳದೆ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗುತ್ತಿದ್ದ. ನಿದ್ದೆ ಸರಿಯಿಲ್ಲ, ಹಗಲೆಲ್ಲ ಸಿಡಿಮಿಡಿ. ಬೆಳಿಗ್ಗೆ ಅವನು ಪಾಯಖಾನೆಯಿಂದ ಹೊರಬರುವಾಗಿನ ಮುಖ ನೋಡಿಯೇ ಹೆಂಡತಿ ಪುಷ್ಪಲತಾ ಅವತ್ತು ಮಾತಾಡಿಸಬೇಕೋ ಬೇಡವೋ ತೀರ್ಮಾನಿಸುತ್ತಿದ್ದಳು.

ಅವತ್ತು ಬ್ಯಾಡಗಿ ಕಡೆಯ ಹಳ್ಳಿಯಲ್ಲಿ, ರೋಷನಬಿ ಎಂಬ ಮುದುಕಿಯ ಮೆಣಸಿನಕಾಯಿ ಹೊಲದಲ್ಲಿ ಸಭೆ. ಮಾತಿನ ನಡುವೆ ಎರಡು ಸಲ ಬದುವಿನಾಚೆ ಓಡಿ ಬಂದವನು ಗುಳಿಗೆ ಬಾಯಿಗೆ ಹಾಕಿಕೊಂಡ.

"ಇದನ್ನ ಎಷ್ಟ್ ದಿನದಿಂದ ನುಂಗಾಕತ್ತೀರಿ ಸಾಹೇಬ್ರ?" ಎಂದಳು ರೋಷನಬಿ.

"ಮೂರು ವರ್ಷ ಆತ್ರಿ."

"ನಮಗ ಹೊಲಕ್ಕ ಔಷಧ ಹೊಡೀಬ್ಯಾಡ್ರಿ ಅಂತೀರಿ. ನೀವು ನೋಡಿದ್ರ ದಿನಾ ಹೊಡ್ಯಾಕತ್ತೀರಿ!"

ಹೊಲವೆಲ್ಲ ನಕ್ಕಿತು. ವಿಜಯಮಹಾಂತೇಶನೂ ಹಲ್ಲು ತೋರಿಸಿದ. ಮರುದಿನ ಹಾವೇರಿಗೆ ಹೋಗಿ ಡಾಕ್ಟರರ ಮುಂದೆ ಕುಳಿತ.

ಡಾಕ್ಟರು ರಕ್ತ, ಮಲ ಎಲ್ಲ ಪರೀಕ್ಷೆ ಮಾಡಿಸಿ, ದೊಡ್ಡ ರೋಗವೇನಿಲ್ಲ ಎಂದರು. "ಕಂಡ ಗುಳಿಗಿ ನುಂಗಿ ಹೊಟ್ಟ್ಯಾಗಿನ ಕೆಟ್ಟ ಹುಳದ ಜೋಡಿ ಒಳ್ಳೇವನ್ನೂ ಕೊಂದೀರಿ. ಸ್ವಂತ ಡಾಕ್ಟರಕಿ ಬಿಡ್ರಿ. ಹೊತ್ತಿಗೆ ಸರಿಯಾಗಿ ಉಣ್ರಿ. ರೊಟ್ಟಿ, ಕಾಳು, ಕಾಯಿಪಲ್ಲೆ, ಮಜ್ಜಿಗಿ. ಎಲ್ಲಾ ನಿಧಾನಕ್ಕ ಹೆಚ್ಚು ಮಾಡ್ರಿ. ನಡೀರಿ, ನಿದ್ದಿ ಮಾಡ್ರಿ."

"ಲಗೂ ಆರಾಮ ಆಗೂದು ಗುಳಿಗಿ ಇಲ್ಲೇನ್ರಿ?"

ಡಾಕ್ಟರು ಅವನನ್ನೇ ನೋಡಿದರು. ಇದೇ ಪ್ರಶ್ನೆ ಕೇಳಿದ ರೈತರನ್ನು ತಾನೂ ಹೀಗೆಯೇ ನೋಡುತ್ತಿದ್ದುದು ಅವನಿಗೆ ನೆನಪಾಗಿ ಕಿವಿ ಬೆಚ್ಚಗಾದವು.

ಆದರೂ ನಿಧಾನ ಎಂಬುದು ಅವನ ಜಾಯಮಾನವಲ್ಲ. ಮನೆಗೆ ಬಂದವನೇ ಬುಟ್ಟಿ ಮೊಳಕೆ ಹೆಸರುಕಾಳು ತಿಂದು, ಮೇಲೆ ತಂಬಿಗೆ ಮಜ್ಜಿಗೆ ಕುಡಿದ. ಸಂಜೆಗೆ ಹೊಟ್ಟೆ ಡೊಳ್ಳಾಯಿತು.

"ಮೂರು ವರ್ಷ ಕೆಡಿಸಿದ್ದನ್ನ ಒಂದ ಊಟದಾಗ ರಿಪೇರಿ ಮಾಡ್ತೀರೇನು?" ಎಂದ ಪುಷ್ಪಲತಾ ಮರುದಿನದಿಂದ ತಟ್ಟೆಯನ್ನು ತನ್ನ ವಶಕ್ಕೆ ತೆಗೆದುಕೊಂಡಳು. ಮೊದಲ ವಾರ ಎರಡೇ ಚಮಚ ಕಾಳು, ಅರ್ಧ ಲೋಟ ಮಜ್ಜಿಗೆ.

ಮೂರು ತಿಂಗಳು ಹಿಡಿಯಿತು. ಉಬ್ಬರ ಇಳಿಯಿತು, ನಿದ್ದೆ ಬಂತು. ಉಪ್ಪಿಟ್ಟಿಗೆ ಉಪ್ಪು ಹೆಚ್ಚಾದ ದಿನವೂ ಅವನು ಸುಮ್ಮನೆ ತಿಂದೆದ್ದಾಗ ಪುಷ್ಪಲತಾ ಗಾಬರಿಯಾಗಿ ಅವನ ಹಣೆ ಮುಟ್ಟಿ ನೋಡಿದಳು.

ಆಮೇಲೆ ದೇವರಗುಡ್ಡದಲ್ಲಿ ಸಭೆ. ಮಣ್ಣಿನ ಮಾತಿಗೆ ತನ್ನ ಹೊಟ್ಟೆಯ ಕತೆಯನ್ನೂ ಉತ್ಸಾಹದಿಂದ ಸೇರಿಸಿದ. ಜನ ಇಷ್ಟು ಗಮನವಿಟ್ಟು ಎಂದೂ ಕೇಳಿರಲಿಲ್ಲ. ಪ್ರಶ್ನೆಗಳು ಮುಗಿಯಲೇ ಇಲ್ಲ, ಎಲ್ಲವೂ ಮಲಬದ್ಧತೆಯವೇ. ಮಣ್ಣಿನ ಬಗ್ಗೆ ಒಬ್ಬನೂ ಕೇಳಲಿಲ್ಲ.

ವಾರ ಕಳೆದು ಕಚೇರಿಗೆ ದೇವರಗುಡ್ಡದ ಲಕ್ಕಪ್ಪನೆಂಬ ರೈತನ ಫೋನು ಬಂತು: "ಮಣ್ಣಿನವ್ರು ಬ್ಯಾಡ್ರಿ. ಆ ಹೊಟ್ಟಿ ಸಾಹೇಬ್ರನ್ನ ಇನ್ನೊಮ್ಮೆ ಕಳಸ್ರಿ."