ಬಾನೆಟ್ಟಿನೊಳಗಿನ ತಾಯತ

ನಾಗಮಂಗಲದ ಅಕ್ಕಸಾಲಿ ನಂಜುಂಡಾಚಾರಿ ಹಳೆಯ ಕಾರೊಂದನ್ನು ಕೊಂಡು ತಂದ ದಿನ, ಎದುರುಮನೆಯ ನಿಂಗರಾಜು, ‘ಏನ್ ಲೈಟು ಆಚಾರ್ರೇ, ಊರೆಲ್ಲಾ ಕಾಣ್ತದೆ’ ಎಂದಿದ್ದ. ಅಷ್ಟು ಸಾಕಾಯಿತು. ಆ ಕಣ್ಣು ತಾಕದಿರಲೆಂದು ಆಚಾರಿ ಮರುದಿನವೇ ತಾಯತ ಮಾಡಿಸಿ, ಯಾರಿಗೂ ಕಾಣದಂತೆ ಬಾನೆಟ್ಟಿನೊಳಗೆ ಬ್ಯಾಟರಿಗೆ ಕಟ್ಟಿದ. ಅಂದಿನಿಂದಲೇ ಲೈಟು ಮಂಕಾಯಿತು. ಹಾರನ್ ಒತ್ತಿದರಂತೂ ಎಣ್ಣೆ ತೀರಿದ ದೀಪದಂತೆ ಕುಗ್ಗುತ್ತಿತ್ತು. ಬಲ್ಬು ಬದಲಾಯಿಸಿದ, ನಿಂಬೆಹಣ್ಣು ನಿವಾಳಿಸಿದ, ನಿಂಗರಾಜುವಿನ ಜೊತೆ ಮಾತು ಬಿಟ್ಟ. ಯಾವುದರಿಂದಲೂ ಬೆಳಕು ಹೆಚ್ಚಲಿಲ್ಲ.

ಒಂದು ಸಂಜೆ ಕಾರು ಸ್ಟಾರ್ಟೇ ಆಗದೆ ಮನೆಮುಂದೆ ನಿಂತಾಗ, ನಿಂಗರಾಜು ಕರೆಯದೆಯೇ ಬಂದು ಬಾನೆಟ್ ಎತ್ತಿದ. ಟ್ರಾಕ್ಟರು ರಿಪೇರಿಯಲ್ಲಿ ಪಳಗಿದ ಕೈ ಅವನದು.

‘ಬ್ಯಾಟರಿ ಟರ್ಮಿನಲ್‌ಗೆ ದಾರ ಸುತ್ತಿ, ಅದ್ರ ಮೇಲೆ ವೈರು ಕೂರ್ಸಿದ್ರೆ ಕರೆಂಟು ಎಂಗ್ ಬತ್ತದೆ ಆಚಾರ್ರೇ?’

ತಾಯತ ಬಿಚ್ಚಿ ಆಚಾರಿಯ ಕೈಗಿತ್ತು, ವೈರನ್ನು ಬಿಗಿದ. ಲೈಟು ಹಾಕಿದರೆ ಬೀದಿಯೆಲ್ಲ ಬೆಳಗಿತು.

ಆಚಾರಿ ಒಳಗೆ ಹೋಗಿ ಹೆಂಡತಿಯ ಕಿವಿಯಲ್ಲಿ ಹೇಳಿದ: ‘ಬಚ್ಚಿಟ್ಟಿದ್ದ ತಾಯತದ ಮೇಲೇ ಸೀದಾ ಬಿತ್ತು ಕಣೇ ಅವನ ಕಣ್ಣು. ನಾನೇನ್ ಸುಮ್ಕೆ ಅನುಮಾನ ಪಟ್ಟಿದ್ನಾ?’